ಹಳೇ ಕಾಮಿಡಿ ಮಿಸ್ಟರಿ ಡಿವಿಡಿ ತರಿಸುವವರು ಜಾಗ್ರತೆ ಮಾರಾಯ್ರೆ

ಯುದ್ಧ ಮುಗಿದ ಮೇಲಿನ ಬ್ರಿಟಿಷ್ ಪಿಕ್ಚರುಗಳನ್ನು "ರೇರ್, ಒರಿಜಿನಲ್ ಡಿಸ್ಕ್, ಬೇರೆಲ್ಲೂ ಸಿಗುವುದಿಲ್ಲ" ಅಂತ ಹೇಳಿ ಅಡ್ವಾನ್ಸ್ ತಕೊಂಡು ಮಾರುವ ಒಬ್ಬ ಇದ್ದಾನೆ, ಹೆಸರು ಹಾಕುವುದಿಲ್ಲ, ಆದ್ರೆ ಅವನ ಕ್ರಮ ಹೇಳ್ತೇನೆ.

ನಾನು ತರಿಸಿದ್ದು 1946ರ 'ಗ್ರೀನ್ ಫಾರ್ ಡೇಂಜರ್'. ಕಥೆ 1944ರದ್ದು, ಹಳ್ಳಿ ಕಡೆಯ ಆಸ್ಪತ್ರೆ, ಮೇಲಿಂದ ಜರ್ಮನ್ ಬಾಂಬ್ ಬೀಳ್ತಾ ಉಂಟು, ಒಬ್ಬ ಪೋಸ್ಟ್‌ಮ್ಯಾನ್ ಆಪರೇಷನ್ ಟೇಬಲ್ಲಲ್ಲೇ ಸಾಯ್ತಾನೆ, ಆಮೇಲೆ ನಟ ಅಲಸ್ಟೇರ್ ಸಿಮ್ ಇನ್ಸ್‌ಪೆಕ್ಟರ್ ಕಾಕ್ರಿಲ್ ಆಗಿ ಬರ್ತಾನೆ, ಅವನ ಆ ಮುಖ, ತನಿಖೆ ಮಾಡ್ತಾ ಮಾಡ್ತಾ ಡಾಕ್ಟರು ನರ್ಸು ಎಲ್ಲರ ಕಾಲೆಳೆಯುವ ಆ ಸ್ಟೈಲು, ಅದಕ್ಕಾಗಿಯೇ ಈ ಪಿಕ್ಚರ್ ನೋಡ್ಬೇಕು.

ಬದಿಯಡ್ಕಕ್ಕೆ ಕೊರಿಯರ್ ಬಂತು. ಕವರೇನೋ ಚಂದ ಉಂಟು, ಡಿಸ್ಕ್ ಮಗುಚಿದ್ರೆ ಅಡಿಬದಿ ನೇರಳೆ, ಅಂದ್ರೆ ಬರ್ನ್ ಮಾಡಿದ್ದು, ಖಾಲಿ ಡಿಸ್ಕಿಗೆ ಕಾಪಿ ಹೊಡೆದದ್ದು. ಬರ್ನ್ ಮಾಡಿದ್ದೆಲ್ಲ ಕಳ್ಳಮಾಲು ಅಂತಲ್ಲ, ದೊಡ್ಡ ಕಂಪನಿಗಳೂ ಕೆಲವು ಹಾಗೆ ಮಾರ್ತವೆ, ಆದ್ರೆ ಹೇಳಿಯೇ ಮಾರ್ತವೆ. ನಮ್ಮ ಮಳೆಗಾಲದ ಹಸಿಗೆ ಅಂಥದ್ದು ಎಷ್ಟು ಬಾಳ್ತದೋ ದೇವರಿಗೇ ಗೊತ್ತು. ಹಾಕಿ ನೋಡಿದ್ರೆ ಮೂಲೆಯಲ್ಲಿ ಯಾವುದೋ ಟಿವಿ ಚಾನೆಲಿನ ಲೋಗೋ ಅಳಿಸಿದ ಕಲೆ. ಅದೂ ಹೋಗ್ಲಿ. ಕೊನೆಗೆ ಕೊಲೆಗಾರರನ್ನು ಹಿಡೀಲಿಕ್ಕೆ ಅಂತ ಇನ್ಸ್‌ಪೆಕ್ಟರು ಇನ್ನೊಂದು ಆಪರೇಷನ್ ಮಾಡಿಸ್ತಾನಲ್ಲ, ಅಲ್ಲಿಗೆ ಬರುವಾಗ ಸ್ಕ್ರೀನ್ ಕಪ್ಪು, ವಾಪಸ್ ಮೆನು. ಪತ್ತೇದಾರಿ ಪಿಕ್ಚರ್ ಮಾರಿ ಕೊಂದದ್ದು ಯಾರೂಂತ ತೋರಿಸ್ಲಿಕ್ಕಿಲ್ಲ ಅಂದ್ರೆ ಎಂತ ಅವಸ್ಥೆ ಹೇಳಿ!

ಕೇಳಿದ್ದಕ್ಕೆ "ಸಾರ್ ಇದು ಪಾಲ್ ವರ್ಷನ್, ಸ್ಪೀಡ್ ಜಾಸ್ತಿ, ಟೈಮ್ ಕಮ್ಮಿ ಇರ್ತದೆ" ಅಂದ. ಈ ಮಾತು ನಂಬ್ಬೇಡಿ. ಪಾಲ್ ಅಂದ್ರೆ ಟಿವಿ, ಡಿವಿಡಿಯ ಒಂದು ವಿಡಿಯೋ ಪದ್ಧತಿ. ಸೆಕೆಂಡಿಗೆ 24 ಫ್ರೇಮಿನದ್ದನ್ನು ಪಾಲಲ್ಲಿ 25ರ ಹಾಗೆ ಓಡಿಸ್ತಾರೆ, ನೂರಕ್ಕೆ 4 ಕಮ್ಮಿ ಆಗ್ತದೆ ಅಷ್ಟೆ, 91 ನಿಮಿಷದ್ದು 87 ಆದೀತು, ನನಗೆ ಬಂದದ್ದು 74. ಬೇರೆಲ್ಲೂ ಇಲ್ಲ ಅಂದದ್ದೂ ಸುಳ್ಳು, ಹಳೇ ಪಿಕ್ಚರುಗಳ ಡಿಸ್ಕ್ ತರುವ ಕ್ರೈಟೀರಿಯನ್ ಕಂಪನಿಯವರು 2007ರಲ್ಲೇ ಇದರ ಡಿವಿಡಿ ತಂದಿದ್ದಾರೆ. ಇಷ್ಟು ಹೇಳಿದ್ದೇ ತಡ ನನ್ನ ನಂಬರ್ ಬ್ಲಾಕ್, 1,800 ರೂಪಾಯಿ ಗೋವಿಂದ.

ಹಣ ಹಾಕುವ ಮೊದಲು ಡಿಸ್ಕಿನ ಅಡಿಬದಿಯ ಫೋಟೋ ಕೇಳಿ, ಕೊನೆಯ ಐದು ನಿಮಿಷ ಟೈಮ್ ಕಾಣುವ ಹಾಗೆ ಪ್ಲೇ ಮಾಡಿ ವಿಡಿಯೋ ಕಳಿಸ್ಲಿಕ್ಕೆ ಹೇಳಿ. ಕೊಲೆಗಾರರು ಯಾರೂಂತ ಮೊದಲೇ ಗೊತ್ತಾಗ್ತದೆ ಅಂತಾದ್ರೆ ಆ ವಿಡಿಯೋ ಮನೆಯಲ್ಲಿ ಬೇರೆ ಯಾರಾದ್ರೂ ನೋಡ್ಲಿ. ಈಗ ಅವನೇ ಬೇರೆ ಹೆಸರಲ್ಲಿ ಸಿಮ್‌ನದ್ದೇ 1956ರ 'ದ ಗ್ರೀನ್ ಮ್ಯಾನ್' ಮಾರಾಟಕ್ಕೆ ಇಟ್ಟಿದ್ದಾನೆ, ಉಪ್ಪಳದ ಒಬ್ಬರು ಅಡ್ವಾನ್ಸ್ ಹಾಕ್ಲಿಕ್ಕೆ ಹೊರಟವರು ನಾನು ಹೇಳಿದ ಮೇಲೆ ವಿಡಿಯೋ ಕೇಳಿದ್ರು, ಅವ ಇನ್ನೂ ಕಳಿಸ್ಲಿಲ್ಲ.