ಗುಜರಿ ಕಪ್ಲರ್ ಮತ್ತು ಪಿನ್ ತೆಗೆಯುವ ಟೂಲ್: ಮಳೆಗಾಲ ದಾಟಿದ ಮೇಲೆ ನನ್ನ ಅನುಭವ

ಮಾರುತಿ 800ರ ಎಂಜಿನ್ ಇಟ್ಟು ಮನೆಯಲ್ಲೇ ಕಟ್ಟಿಕೊಂಡ ಕಿಟ್ ಕಾರು ನಮ್ಮದು. ರಿಜಿಸ್ಟ್ರೇಷನ್ ಸಿಗುವ ಮಾತಿಲ್ಲ, ಹಾಗಾಗಿ ಚನ್ನಗಿರಿ ಕಡೆಯ ಅಡಿಕೆ ತೋಟದೊಳಗೇ ಅದರ ಓಡಾಟ. ತೋಟದ ಗಾಡಿಗೆ ಹೊಸ ವೈರಿಂಗ್ ಅಂತ ದುಡ್ಡು ಸುರಿಯೋಕೆ ಮನಸ್ಸಾಗಲಿಲ್ಲ. ದಾವಣಗೆರೆ ಗುಜರಿಯಲ್ಲಿ ಹಳೆ ಕಾರುಗಳ ವೈರಿಂಗನ್ನು ಕಪ್ಲರ್ (ವೈರ್‌ಗಳನ್ನು ಜೋಡಿಸುವ ಪ್ಲಾಸ್ಟಿಕ್ ಪ್ಲಗ್) ಸಮೇತ ತೂಕದ ಲೆಕ್ಕದಲ್ಲಿ ತಂದೆ, ಪಿನ್ ತೆಗೆಯುವ ಟೂಲ್ ಸೆಟ್ ಆನ್‌ಲೈನಲ್ಲಿ ತರಿಸಿದೆ.

ಮೊದಲು ಟೂಲ್, ಯಾಕಂದರೆ ಅದರ ಮೇಲೆ ನನಗೆ ಪ್ರೀತಿ ಜಾಸ್ತಿ. ಕಪ್ಲರ್ ಒಳಗಿನ ಪ್ರತಿ ಟರ್ಮಿನಲ್‌ಗೂ (ವೈರ್ ತುದಿಯ ಲೋಹದ ಪಿನ್) ಸಣ್ಣ ನಾಲಿಗೆ ಇರುತ್ತದೆ, ಅದು ಪ್ಲಾಸ್ಟಿಕ್ಕನ್ನು ಕಚ್ಚಿಕೊಂಡಿರುತ್ತದೆ. ಜಗ್ಗಿದರೆ ವೈರ್ ಕಿತ್ತು ಬರುತ್ತದೆಯೇ ಹೊರತು ಪಿನ್ ಅಲ್ಲ. ವೈರನ್ನು ಮೊದಲು ಸ್ವಲ್ಪ ಒಳಕ್ಕೆ ತಳ್ಳಿ, ಎದುರಿನಿಂದ ಟೂಲ್ ತೂರಿಸಿ ನಾಲಿಗೆ ಒತ್ತಿದರೆ ಟಿಕ್ ಅಂತ ಸದ್ದಾಗಿ ಪಿನ್ ಸುಮ್ನೆ ಕೈಗೆ ಬರುತ್ತದೆ. ಸಂಜೆ ಮಂಡಕ್ಕಿ ಮಿರ್ಚಿ ತಿಂದು, ಸೋಪು ಹಾಕಿ ಕೈ ತೊಳೆದು (ಎಣ್ಣೆ ಕೈಯಲ್ಲಿ ಟರ್ಮಿನಲ್ ಮುಟ್ಟಬೇಡಿ), ಜಗಲಿಯಲ್ಲಿ ಇದನ್ನೇ ಮಾಡುತ್ತಾ ಕೂತರೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ. ಪಿನ್ ತೆಗೆದ ಕಪ್ಲರ್‌ನ ಖಾಲಿ ಪ್ಲಾಸ್ಟಿಕ್ ಚಿಪ್ಪುಗಳನ್ನು ಬಿಸಿನೀರಲ್ಲಿ ನೆನೆಸಿ ಹಳೆ ಬ್ರಷ್‌ನಿಂದ ಉಜ್ಜುತ್ತೇನೆ. ಎಂಜಿನ್ ಬಿಸಿಗೆ ಒಣಗಿದ ಪ್ಲಾಸ್ಟಿಕ್ ಸ್ವಲ್ಪ ಮೆತ್ತಗಾಗಿ, ಲಾಕ್ ಮುರಿಯುವುದು ಕಡಿಮೆಯಾಗುತ್ತದೆ. ಸೆಟ್‌ನ ತೆಳ್ಳಗಿನ ಸೂಜಿಗಳು ಮಾತ್ರ ಬೇಗ ಬಾಗುತ್ತವೆ, ಈ ಬೆಲೆಗೆ ಅದು ಸರಿ ಬಿಡಿ.

ಕೋಪ ಬಂದಿದ್ದು ಹಳೆ ಪಿನ್‌ಗಳ ಮೇಲೆ. ಮಳೆಗಾಲ ಮುಗಿಯುವ ಹೊತ್ತಿಗೆ ಹೆಡ್‌ಲೈಟ್ ಮಂಕಾಯಿತು. ಬಲ್ಬ್ ಅಂದುಕೊಂಡೆ, ಬ್ಯಾಟರಿ ನೋಡಿದೆ, ಎಲ್ಲಾ ಸರಿ ಇತ್ತು. ಕಪ್ಲರ್ ಮುಟ್ಟಿದರೆ ಕೈ ಸುಡುತ್ತಿತ್ತು, ಬಿಳಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು! 60/55 ವ್ಯಾಟಿನ ಬಲ್ಬ್ ಒಂದೊಂದೂ 12 ವೋಲ್ಟಿಗೆ ಸುಮಾರು 5 ಆಂಪಿಯರ್ ಎಳೆಯುತ್ತದೆ. ಗಂಡು ಪಿನ್ನನ್ನು ಹಿಡಿದುಕೊಳ್ಳುವ ಹೆಣ್ಣು ಟರ್ಮಿನಲ್ ಹಳೆ ಬಟ್ಟೆ ಕ್ಲಿಪ್‌ನಂತೆ ಬಿಗಿ ಕಳೆದುಕೊಂಡು, ಮೇಲೆ ಕಪ್ಪೂ ಹಿಡಿದರೆ, ಅಷ್ಟು ಕರೆಂಟು ಹಾಯುವಾಗ ಅಲ್ಲೇ ಶಾಖ ಹುಟ್ಟುತ್ತದೆ. ಮರಳು ಕಾಗದದಿಂದ ಉಜ್ಜಿದರೆ ಮೇಲಿನ ತವರದ ಲೇಪ ಹೋಗಿ ಮತ್ತೆ ಬೇಗ ಕಪ್ಪಾಗುತ್ತದೆ.

ಆಮೇಲಿಂದ ಚಿಪ್ಪು ಮಾತ್ರ ಹಳೆಯದು, ಪಿನ್ ಹೊಸದು. ಹೊಸ ಟರ್ಮಿನಲ್ ಅಂಥ ದುಬಾರಿಯಲ್ಲ, ಖರ್ಚು ಅದನ್ನು ವೈರಿಗೆ ಒತ್ತಿ ಕೂರಿಸುವ ಕ್ರಿಂಪಿಂಗ್ ಪ್ಲೈಯರ್‌ದು. ಟರ್ಮಿನಲ್‌ನ ಮುಂದಿನ ರೆಕ್ಕೆ ತಾಮ್ರವನ್ನೂ ಹಿಂದಿನದು ವೈರ್ ಮೇಲಿನ ಸಿಪ್ಪೆಯನ್ನೂ ಬೇರೆ ಬೇರೆಯಾಗಿ ಹಿಡಿಯಬೇಕು, ಮಾಮೂಲಿ ಕಟಿಂಗ್ ಪ್ಲೈಯರ್‌ಗೆ ಅದು ಒಗ್ಗುವುದಿಲ್ಲ. ಒಳಗೆ ತಾಮ್ರ ಕಪ್ಪಾಗಿದ್ದರೆ ಹೊಳೆಯುವ ಭಾಗ ಸಿಗುವವರೆಗೆ ವೈರ್ ಕತ್ತರಿಸಿ. ಇಂಡಿಕೇಟರ್, ಮೀಟರ್ ಲೈಟಿಗೆ ಬಿಗಿಯಾಗಿರುವ ಹಳೆ ಪಿನ್ ಈಗಲೂ ನಡೆಯುತ್ತಿದೆ. ಹೆಡ್‌ಲೈಟ್, ರೇಡಿಯೇಟರ್ ಫ್ಯಾನ್, ಚಾರ್ಜಿಂಗ್ ಲೈನಿಗೆ ಖಂಡಿತ ಬೇಡ.

ಟೂಲಿಗೆ 5ಕ್ಕೆ 4, ಗುಜರಿ ಕಪ್ಲರ್‌ಗೆ 3. ಗುಜರಿಗೆ ಹೋದರೆ ಗಂಡು, ಹೆಣ್ಣು ಎರಡೂ ಕಡೆ ಗೇಣುದ್ದ ವೈರ್ ಬಿಟ್ಟು ಕತ್ತರಿಸಿಕೊಡಿ ಅಂತ ಮೊದಲೇ ಹೇಳಿ. ಜೋಡಿ ಸಿಗದ ಕಪ್ಲರ್‌ಗಳೇ ನನ್ನ ಹತ್ತಿರ ಒಂದು ಡಬ್ಬದ ತುಂಬ ಇವೆ, ಯಾರಿಗಾದರೂ ಬೇಕಿದ್ದರೆ ಹೇಳಿ.