ಈಥ್‌ಟೂಲ್‌ನ ಕೇಬಲ್ ಟೆಸ್ಟ್: ನಂಬಬಹುದಾದದ್ದು ಎಷ್ಟು, ನಂಬಬಾರದ್ದು ಯಾವುದು

ಸ್ವಿಚ್‌ನ ಲೈಟ್ ಉರಿಯುತ್ತಿದೆ, ಲಿಂಕ್ ಇದೆ, ಆದರೆ ಗಿಗಾಬಿಟ್ ಬರಬೇಕಾದ ಕಡೆ ವೇಗ 100 ಎಂಬಿಪಿಎಸ್‌ಗೆ ನಿಂತಿದೆ. ಗೋಡೆಯೊಳಗೆ, ಫಾಲ್ಸ್ ಸೀಲಿಂಗ್ ಮೇಲೆ ಎಳೆದ ಕೇಬಲ್ ಆಗಿದ್ದರೆ ಊಹೆಯ ಮೇಲೆ ಬಿಚ್ಚಿ ನೋಡುವಂತಿಲ್ಲ. ಲಿನಕ್ಸ್‌ನ ಉಚಿತ ಸಾಧನ ಈಥ್‌ಟೂಲ್ ಇಂಥ ಹೊತ್ತಿಗೆ ಎರಡು ಮಾಹಿತಿ ಕೊಡುತ್ತದೆ: ಕೇಬಲ್ ಟೆಸ್ಟ್‌ನ ಫಲಿತಾಂಶ ಮತ್ತು ಎಸ್‌ಕ್ಯೂಐ ಎಂಬ ಸಿಗ್ನಲ್ ಗುಣಮಟ್ಟದ ಅಂಕ. 2020ರ ಆಗಸ್ಟ್‌ನಲ್ಲಿ ಬಂದ ಲಿನಕ್ಸ್‌ನ 5.8 ಕರ್ನಲ್‌ನಿಂದ (ಕರ್ನಲ್ ಎಂದರೆ ಸಿಸ್ಟಮ್‌ನ ತಿರುಳು) ಎರಡೂ ಇವೆ. ಕೇಬಲ್ ಟೆಸ್ಟ್ ನಿಜಕ್ಕೂ ಒಳ್ಳೆಯ ಕೆಲಸ. ಎಸ್‌ಕ್ಯೂಐ ಅನ್ನು ಮಾತ್ರ ಓದುವ ಕ್ರಮ ತಿಳಿದು ಓದಬೇಕು.

ಕೇಬಲ್ ಪರೀಕ್ಷಿಸುವ ಸಾಮರ್ಥ್ಯ ಈಥರ್ನೆಟ್ ಚಿಪ್‌ಗಳಿಗೆ ಹೊಸದೇನಲ್ಲ. ತೊಡಕು ಇದ್ದದ್ದು ಅದನ್ನು ಕೇಳುವ ವಿಧಾನದಲ್ಲಿ. ಪ್ರತಿ ಕಂಪನಿಗೂ ತನ್ನದೇ ರಿಜಿಸ್ಟರ್, ತನ್ನದೇ ಟೂಲ್. ಡ್ರೈವರ್‌ನಲ್ಲಿ ಏನಾದರೂ ಸಿಕ್ಕರೂ ಅದು ಅಂಕಿಅಂಶಗಳ ಉದ್ದ ಪಟ್ಟಿಯ ನಡುವೆ, ಬರೆದವರು ಇಟ್ಟ ಹೆಸರಿನಲ್ಲಿ ಇರುತ್ತಿತ್ತು. ಒಂದು ಕಾರ್ಡಿಗೆ ಬರೆದ ಸ್ಕ್ರಿಪ್ಟ್ ಇನ್ನೊಂದಕ್ಕೆ ಆಗುತ್ತಿರಲಿಲ್ಲ. ಈಗ ಡ್ರೈವರ್ ನಿಗದಿತ ಉತ್ತರಗಳಲ್ಲೇ ಒಂದನ್ನು ಕೊಡಬೇಕು: ಸರಿಯಿದೆ, ತುಂಡಾಗಿದೆ, (ಕೇಬಲ್‌ನೊಳಗಿನ ನಾಲ್ಕು ಜೋಡಿ ತಂತಿಗಳಲ್ಲಿ) ಜೋಡಿಯೊಳಗೇ ಶಾರ್ಟ್, ಬೇರೆ ಜೋಡಿಯೊಂದಿಗೆ ಶಾರ್ಟ್, ಗೊತ್ತಾಗಲಿಲ್ಲ ಇತ್ಯಾದಿ. ದೋಷ ಎಷ್ಟು ದೂರದಲ್ಲಿದೆ ಎಂಬುದನ್ನು ಕರ್ನಲ್‌ಗೆ ಸೆಂಟಿಮೀಟರ್‌ನಲ್ಲೇ ತಿಳಿಸಬೇಕು. ಈಥ್‌ಟೂಲ್ ಅದನ್ನು ಮೀಟರ್‌ಗೆ ಬದಲಿಸಿ ತೋರಿಸುತ್ತದೆ. ಚಿಪ್ ಯಾವುದಾದರೂ ಓದುವವನಿಗೆ ಒಂದೇ ನಮೂನೆ.

ಬಳಕೆ ಸರಳ. ರೂಟ್ ಆಗಿ 'ಈಥ್‌ಟೂಲ್ --ಕೇಬಲ್-ಟೆಸ್ಟ್ ಈಥ್0' (ethtool --cable-test eth0; ಈಥ್0 ಎಂಬುದು ಪೋರ್ಟ್‌ನ ಹೆಸರು) ಎಂಬ ಆಜ್ಞೆ ಕೊಟ್ಟರೆ ಕೆಲವೇ ಸೆಕೆಂಡುಗಳಲ್ಲಿ ಎ, ಬಿ, ಸಿ, ಡಿ ಎಂದು ನಾಲ್ಕು ಜೋಡಿಗಳ ವರದಿ ಬರುತ್ತದೆ. ಇಂಟರ್‌ಫೇಸ್ ಅಪ್ ಆಗಿರಬೇಕು, ಇಲ್ಲದಿದ್ದರೆ ಕರ್ನಲ್ ಮೊದಲು ಅದನ್ನು ಅಪ್ ಮಾಡಿ ಎಂದು ಹೇಳಿ ನಿಲ್ಲಿಸುತ್ತದೆ. ಟೆಸ್ಟ್ ನಡೆಯುವಷ್ಟು ಹೊತ್ತು ಲಿಂಕ್ ಕಡಿದುಹೋಗುತ್ತದೆ, ಇದನ್ನು ಮರೆಯಬಾರದು. ಅದೇ ಪೋರ್ಟ್ ಮೂಲಕ ಎಸ್‌ಎಸ್‌ಎಚ್‌ನಲ್ಲಿ (ದೂರದಿಂದ ಲಾಗಿನ್ ಆಗಿ) ಕೂತು ಟೆಸ್ಟ್ ಓಡಿಸಬೇಡಿ. ಎದುರಿನ ಸ್ವಿಚ್‌ನಲ್ಲಿ ಹಳೆಯ ಮಾದರಿಯ ಸ್ಪ್ಯಾನಿಂಗ್ ಟ್ರೀ (ನೆಟ್‌ವರ್ಕ್‌ನಲ್ಲಿ ಲೂಪ್ ಆಗದಂತೆ ತಡೆಯುವ ವ್ಯವಸ್ಥೆ) ಇದ್ದರೆ ಲಿಂಕ್ ಮರಳಿದ ಮೇಲೂ ಟ್ರಾಫಿಕ್ ಶುರುವಾಗಲು ಇನ್ನೂ 30 ಸೆಕೆಂಡು ಹೋಗುತ್ತದೆ. ಆಫೀಸಿನ ಅಪ್‌ಲಿಂಕ್ ಆಗಿದ್ದರೆ ಕೆಲಸದ ಹೊತ್ತಿನಲ್ಲಿ ಮುಟ್ಟದಿರುವುದೇ ಒಳ್ಳೆಯದು.

ಫಲಿತಾಂಶ ಸ್ಪಷ್ಟವಾಗಿ ಬರಬೇಕೆಂದರೆ ಆ ಕಡೆಯ ತುದಿಯನ್ನು ಸ್ವಿಚ್‌ನಿಂದ ಕಿತ್ತು ಟೆಸ್ಟ್ ಮಾಡಿ. ಆಗ ನಾಲ್ಕೂ ಜೋಡಿ 'ಓಪನ್' ಎಂದೇ ಬರುತ್ತವೆ. ಗಾಬರಿ ಬೇಡ, ತುದಿ ಖಾಲಿಯಿದೆ ಎಂದಷ್ಟೇ ಅದರ ಅರ್ಥ. ನೋಡಬೇಕಾದದ್ದು ದೂರ. ಎ, ಬಿ, ಡಿ ಮೂರೂ 41 ಮೀಟರ್ ಆಸುಪಾಸು ತೋರಿಸಿ, ಸಿ ಒಂದೇ 23 ಮೀಟರ್ ಎಂದರೆ ಕೇಬಲ್‌ನ ಉದ್ದ ಸುಮಾರು 41 ಮೀಟರ್, ಸಿ ಜೋಡಿ 23ರ ಹತ್ತಿರ ತುಂಡಾಗಿದೆ. ಸಿ ಎಂದರೆ 4 ಮತ್ತು 5ನೇ ಪಿನ್, ನೀಲಿ ಜೋಡಿ. ಡಿ ಎಂದರೆ 7 ಮತ್ತು 8, ಕಂದು. ಎ 1-2, ಬಿ 3-6. ಚಿಪ್ ಕ್ರಾಸ್‌ಓವರ್ ಸ್ಥಿತಿಯಲ್ಲಿದ್ದರೆ ಎ-ಬಿ ಅದಲುಬದಲಾಗಬಹುದು, ಹಾಗಾಗಿ ಕತ್ತರಿ ಹಿಡಿಯುವ ಮುನ್ನ ಇನ್ನೊಂದು ತುದಿಯಿಂದಲೂ ಅಳೆಯಿರಿ. ಆ ಕಡೆಯಿಂದ 18 ಮೀಟರ್ ಬಂದರೆ ಲೆಕ್ಕ ಕೂಡಿತು. ತಂತಿಯಲ್ಲಿ ಸಿಗ್ನಲ್ ಓಡುವ ವೇಗವನ್ನು ಚಿಪ್ ಒಂದು ಅಂದಾಜಿನ ಮೇಲೆ ಹಿಡಿದಿರುತ್ತದೆ, ಆದ್ದರಿಂದ ಒಂದು ಮೀಟರ್ ಅತ್ತಿತ್ತ ಆಗುವುದು ಸಹಜ. ದೋಷ ಒಂದು ಮೀಟರ್ ಒಳಗೇ ಇದ್ದರೆ ನಿಮ್ಮ ಕಡೆಯ ಕ್ರಿಂಪಿಂಗ್ ಅಥವಾ ಪ್ಯಾಚ್ ಕಾರ್ಡ್ ನೋಡಿ. ಒಟ್ಟು ಉದ್ದಕ್ಕೆ ಹತ್ತಿರವಿದ್ದರೆ ಆ ಕಡೆಯ ಜ್ಯಾಕ್ ಬಿಚ್ಚಿ ಪಂಚ್ ಮಾಡಿ. ನಡುವೆ ಬಂದರೆ ಮೊಳೆ, ಇಲಿ, ಇಲ್ಲವೇ ಪೈಪಿನ ತಿರುವು.

100ಕ್ಕೆ ಇಳಿಯುವುದರ ಕಾರಣವೂ ಇಲ್ಲೇ ಸಿಗುತ್ತದೆ. ಎರಡು ಕಡೆಯ ಚಿಪ್‌ಗಳು ವೇಗದ ಮಾತುಕತೆ ನಡೆಸುವುದು 1-2 ಮತ್ತು 3-6ರ ಮೇಲೆ. ನೀಲಿಯೋ ಕಂದೋ ತುಂಡಾಗಿದ್ದರೂ ಗಿಗಾಬಿಟ್ ಎಂದೇ ಒಪ್ಪಂದವಾಗುತ್ತದೆ, ಆಮೇಲೆ ನಾಲ್ಕು ಜೋಡಿ ಸಿಗದೆ ಸೋಲುತ್ತದೆ. ಡೌನ್‌ಶಿಫ್ಟ್ ಸೌಲಭ್ಯವಿರುವ ಚಿಪ್ 100ಕ್ಕೆ ಇಳಿದು ಲಿಂಕ್ ಉಳಿಸುತ್ತದೆ. ಕರ್ನಲ್ ಲಾಗ್‌ನಲ್ಲಿ ಡೌನ್‌ಶಿಫ್ಟ್ ಆಗಿದೆ, ಕೇಬಲ್ ನೋಡಿ ಎಂಬ ಸಾಲು ಕಂಡರೆ ನೇರ ಕೇಬಲ್ ಟೆಸ್ಟ್‌ಗೆ ಹೋಗಿ.

ಅಳತೆಯ ಕಚ್ಚಾ ರೂಪ ಬೇಕಾದವರಿಗೆ '--ಕೇಬಲ್-ಟೆಸ್ಟ್-ಟಿಡಿಆರ್' ಇದೆ. ಕಳಿಸಿದ ಪಲ್ಸ್ ಪ್ರತಿ ದೂರದಿಂದ ಎಷ್ಟು ಮರಳಿತು ಎಂಬುದನ್ನು ಅದು ಕೊಡುತ್ತದೆ. ಮೇಲ್ಮುಖ ಏರು ತುಂಡನ್ನೂ, ಕೆಳಮುಖ ಇಳಿತ ಶಾರ್ಟನ್ನೂ ಸೂಚಿಸುತ್ತದೆ. ಏನೂ ಹೇಳದಿದ್ದರೆ 1ರಿಂದ 150 ಮೀಟರ್‌ವರೆಗೆ ಮೀಟರ್‌ಗೊಂದು ಅಳತೆ. ಮಾರ್ವೆಲ್ ಚಿಪ್‌ಗಳಲ್ಲಿ ಒಂದು ಹೆಜ್ಜೆ 80.5 ಸೆಂಟಿಮೀಟರ್, ಅದಕ್ಕಿಂತ ಸಣ್ಣದು ಕೇಳಿ ಪ್ರಯೋಜನವಿಲ್ಲ. ಜೇಸನ್ ರೂಪದಲ್ಲಿ ತೆಗೆದು ಗ್ರಾಫ್ ಹಾಕಿಕೊಳ್ಳಬಹುದು.

ಈ ಟೆಸ್ಟ್ ಪಾಸಾದರೆ ಕೇಬಲ್ ಉತ್ತಮ ಎಂದಲ್ಲ. ಮಾರುಕಟ್ಟೆಯಲ್ಲಿ ಅಗ್ಗಕ್ಕೆ ಸಿಗುವ, ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ಸಿಸಿಎ ಕೇಬಲ್ ಇಲ್ಲಿ ಸಲೀಸಾಗಿ 'ಸರಿಯಿದೆ' ಎನಿಸಿಕೊಳ್ಳುತ್ತದೆ, ಆಮೇಲೆ ಅದೇ ಕೇಬಲ್‌ನಿಂದ ವಿದ್ಯುತ್ ಪಡೆಯುವ ಪಿಒಇ ಕ್ಯಾಮೆರಾ ರಾತ್ರಿ ಐಆರ್ ದೀಪ ಹೊತ್ತಿಸಿದಾಗ ವೋಲ್ಟೇಜ್ ಬಿದ್ದು ರೀಬೂಟ್ ಆಗುತ್ತದೆ. ಒಂದು ಜೋಡಿಯ ಸಿಗ್ನಲ್ ಇನ್ನೊಂದಕ್ಕೆ ಸೋರುವ ಕ್ರಾಸ್‌ಟಾಕ್‌ನ ಅಳತೆಯೂ ಇದರಲ್ಲಿಲ್ಲ. ಕ್ಯಾಟ್6 ಸರ್ಟಿಫಿಕೇಟ್ ಬೇಕಾದ ಕೆಲಸಕ್ಕೆ ಸರ್ಟಿಫಿಕೇಷನ್ ಟೆಸ್ಟರ್ ಬಾಡಿಗೆಗೆ ತರಲೇಬೇಕು.

ಎಸ್‌ಕ್ಯೂಐ ಲಿಂಕ್ ಕಡಿಯದೆ ಸಿಗುತ್ತದೆ. ಬೆಂಬಲವಿರುವ ಕಡೆ ಬರೀ 'ಈಥ್‌ಟೂಲ್ ಈಥ್0' ಎಂದರೆ 7/7, 5/7 ಎಂಬಂಥ ಸಾಲು ಕಾಣುತ್ತದೆ. ವಾಹನಗಳಲ್ಲಿ ಬಳಸುವ 100ಬೇಸ್-ಟಿ1, ಕಾರ್ಖಾನೆಗಳಲ್ಲಿ ಸಾವಿರ ಮೀಟರ್‌ವರೆಗೆ ಓಡುವ 10ಬೇಸ್-ಟಿ1ಎಲ್ ಥರದ ಒಂದೇ ಜೋಡಿಯ ಈಥರ್ನೆಟ್‌ನಲ್ಲಿ ಇದಕ್ಕೆ ಬೆಲೆ ಹೆಚ್ಚು. ಆದರೆ ಕಚ್ಚಾ ಅಳತೆಯ ಯಾವ ಮಟ್ಟಕ್ಕೆ ಯಾವ ಅಂಕ ಕೊಡಬೇಕೆಂಬುದು ಚಿಪ್‌ನಿಂದ ಚಿಪ್‌ಗೆ ಬೇರೆ. ಒಂದು ಕಂಪನಿಯ 5, ಇನ್ನೊಂದರ 5 ಸಮವಲ್ಲ. ಅದೇ ಪೋರ್ಟ್‌ನ ಅಂಕವನ್ನು ದಿನಾ ಬರೆದಿಟ್ಟು, 7ರಿಂದ 5ಕ್ಕೆ ಇಳಿದಾಗ ಕನೆಕ್ಟರ್‌ಗೆ ನೀರು ಸೇರಿದೆಯೇ, ಸ್ಕ್ರೂ ಸಡಿಲವಾಗಿದೆಯೇ ಎಂದು ನೋಡುವುದು ಸರಿಯಾದ ಬಳಕೆ. ಟೆಂಡರ್‌ನಲ್ಲಿ ಎರಡು ಸಾಧನಗಳನ್ನು ಈ ಅಂಕದ ಮೇಲೆ ತೂಗುವುದು ತಪ್ಪು. ಗುಣಮಟ್ಟವನ್ನು ಏಕರೂಪಗೊಳಿಸುವ ಕೆಲಸ ಇಲ್ಲಿ ಇನ್ನೂ ಅರ್ಧದಲ್ಲಿದೆ: ಕೇಳುವ ವಿಧಾನ ಒಂದಾಗಿದೆ, ಅಳತೆಗೋಲು ಒಂದಾಗಿಲ್ಲ.

ದೊಡ್ಡ ಕೊರತೆ ಬೆಂಬಲದ್ದು. ಇಂಟೆಲ್‌ನ ಇ1000ಇ, ಐಜಿಬಿ ಡ್ರೈವರ್‌ಗಳಲ್ಲಿ ಈ ಟೆಸ್ಟ್ ಇಲ್ಲ, ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ 'ಬೆಂಬಲವಿಲ್ಲ' ಎಂದೇ. ಮಾರ್ವೆಲ್ 88ಇ1510, ಅಥೆರೋಸ್ ಎಆರ್8031 ಮತ್ತು ಎಆರ್8035, ಮೈಕ್ರೆಲ್ ಕೆಎಸ್‌ಜೆಡ್9131 ಚಿಪ್‌ಗಳಲ್ಲಿ ಇದೆ. ರೂಟರ್‌ಗಳಿಗಾಗಿ ಗಾತ್ರ ಇಳಿಸಿದ ಈಥ್‌ಟೂಲ್‌ನಲ್ಲಿ ನೆಟ್‌ಲಿಂಕ್ (ಕರ್ನಲ್ ಜೊತೆ ಮಾತಾಡುವ ಭಾಗ) ತೆಗೆದಿದ್ದರೆ ಚಿಪ್ ಸರಿಯಿದ್ದರೂ ಆಜ್ಞೆಯೇ ಇರುವುದಿಲ್ಲ, ಪೂರ್ಣ ಆವೃತ್ತಿ ಹಾಕಿಕೊಳ್ಳಿ. ಬೋರ್ಡ್ ಕೊಳ್ಳುವ ಮುಂಚೆ ಅದರ ಬೂಟ್ ಲಾಗ್ ಸಿಕ್ಕರೆ ಫೈ (ಕೇಬಲ್ ಮೇಲೆ ಸಿಗ್ನಲ್ ಕಳಿಸುವ ಚಿಪ್) ಡ್ರೈವರ್‌ನ ಸಾಲು ಹುಡುಕಿ. ಅಲ್ಲಿ ಚಿಪ್‌ನ ಹೆಸರಿನ ಬದಲು 'ಜನರಿಕ್ ಫೈ' ಎಂದಿದ್ದರೆ ಆ ಕರ್ನಲ್‌ನಲ್ಲಿ ಕೇಬಲ್ ಟೆಸ್ಟೂ ಇಲ್ಲ, ಎಸ್‌ಕ್ಯೂಐ ಕೂಡ ಇಲ್ಲ.