ಜೋಡಿ ಸ್ಟ್ರೋಲರ್ ಮತ್ತು ನಮ್ಮ ಎರಡೂವರೆ ಅಡಿ ಗೇಟು

ಮೊದಲೇ ಹೇಳಿಬಿಡುತ್ತೇನೆ: ಎರಡು ಮಕ್ಕಳಿದ್ದರೆ ಎರಡು ಸೀಟಿನ ಸ್ಟ್ರೋಲರೇ, ಅಂದರೆ ಮಕ್ಕಳನ್ನು ಕೂರಿಸಿ ತಳ್ಳುವ ಗಾಡಿಯೇ, ಬೇಕು ಎಂಬ ನಂಬಿಕೆ ನನ್ನಿಂದ 6,000 ರೂಪಾಯಿ ಕಿತ್ತುಕೊಂಡು ಹೋಯಿತು. ಈಗ ನನ್ನ ಬಳಿ ಇರುವುದು ಒಂದೇ ಸೀಟಿನ ಹಗುರವಾದ ಸ್ಟ್ರೋಲರ್ ಮತ್ತು ಎದೆಗೆ ಕಟ್ಟಿಕೊಳ್ಳುವ ಬೇಬಿ ಕ್ಯಾರಿಯರ್. ಎರಡೂ ಸೇರಿ 5,600 ರೂಪಾಯಿ. ಇದನ್ನೇ ಮೊದಲು ಕೊಂಡಿದ್ದರೆ ನಮ್ಮ ಮನೆ ಮಾಲೀಕರೊಂದಿಗೆ ಸಂಬಂಧವಾದರೂ ಚೆನ್ನಾಗಿರುತ್ತಿತ್ತು.

ಆಗ ಮಗಳಿಗೆ ಎರಡೂಕಾಲು ವರ್ಷ, ಮಗನಿಗೆ ಎರಡು ತಿಂಗಳು. ಹಾಸನದ ಹಳೆಯ ಬಡಾವಣೆಯೊಂದರಲ್ಲಿ ಬಾಡಿಗೆ ಮನೆ, ಕಾರಿಲ್ಲ. ಯಜಮಾನರು ಬೆಳಿಗ್ಗೆ ಏಳೂವರೆಗೆ ಸ್ಕೂಟರ್ ಹತ್ತಿದರೆ ಮರಳುವುದು ಕತ್ತಲಾದ ಮೇಲೆ. 10 ಮತ್ತು 14ನೇ ವಾರದ ಲಸಿಕೆಗೆ, ತರಕಾರಿಗೆ, ಮಹಾರಾಜ ಪಾರ್ಕಿಗೆ, ತಿಂಗಳಿಗೊಮ್ಮೆ ಬೇಲೂರಿನ ತವರಿಗೆ ಇಬ್ಬರನ್ನೂ ಕರೆದೊಯ್ಯುವವಳು ನಾನೊಬ್ಬಳೇ.

ಮೊದಲು ಬಂದದ್ದು ಅಕ್ಕಪಕ್ಕ ಕೂರಿಸುವ ಜೋಡಿ ಸ್ಟ್ರೋಲರ್. ಬೆಂಗಳೂರಿನಲ್ಲಿ ಯಾರೋ ಬಳಸಿ ಬಿಟ್ಟದ್ದು, ನಾದಿನಿ ನೋಡಿ ಒಪ್ಪಿ ಕಳುಹಿಸಿದಳು. ಅಗಲ 76 ಸೆಂಟಿಮೀಟರ್ ಎಂದು ಅವಳು ಅಳೆದು ಹೇಳಿದ್ದಳು. ಅಂದರೆ ಹೆಚ್ಚುಕಡಿಮೆ ಎರಡೂವರೆ ಅಡಿ. ನಮ್ಮ ಗೇಟಿನ ಚಿಕ್ಕ ಬಾಗಿಲೂ ಎರಡೂವರೆ ಅಡಿ. ಹೇಳಿ ಮಾಡಿಸಿದ ಹಾಗಿದೆ ಎಂದು ಹಿಗ್ಗಿದೆ. ಕಬ್ಬಿಣದ ಗೇಟಿಗೆ ಕೀಲು ಎಂಬುದೊಂದಿರುತ್ತದೆ, ಚಿಲಕ ಎಂಬುದೊಂದು ಚಾಚಿಕೊಂಡಿರುತ್ತದೆ, ಅವೆರಡೂ ಸೇರಿ ಎರಡು ಅಂಗುಲ ನುಂಗುತ್ತವೆ ಎಂಬುದು ಮಕ್ಕಳಿಬ್ಬರನ್ನೂ ಕೂರಿಸಿ ಬೆಲ್ಟ್ ಹಾಕಿ ಗೇಟಿನವರೆಗೆ ತಳ್ಳಿಕೊಂಡು ಬಂದ ಮೇಲೆ ಗೊತ್ತಾಯಿತು.

ದೊಡ್ಡ ಬಾಗಿಲು ಇದೆ. ಅದರ ಹಿಂದೆ ಮೂತಿ ತಾಗಿಸಿಕೊಂಡು ಮಾಲೀಕರ ಕಾರು ನಿಂತಿರುತ್ತದೆ. ಕಾರು ಹೊರಗೆ ಹೋಗುವುದು ಮದುವೆ ಮುಂಜಿಗೆ ಮಾತ್ರ, ಆದ್ದರಿಂದ ಆ ಬಾಗಿಲು ಹಾಸನಾಂಬೆಯ ಗುಡಿಯ ಬಾಗಿಲಿದ್ದಂತೆ, ವರ್ಷಕ್ಕೊಮ್ಮೆ ತೆರೆದರೆ ಹೆಚ್ಚು. "ಅಂಕಲ್, ಸ್ವಲ್ಪ ಕಾರು ಹೊರಗೆ ತೆಗೆಯುತ್ತೀರಾ?" ಎಂದು ಕೇಳಿದ ಮೊದಲ ದಿನ ಅವರು ನಗುತ್ತಲೇ ತೆಗೆದರು. ಎರಡನೆಯ ದಿನ ಬೀಗದ ಕೈ ಹುಡುಕಲು ಹತ್ತು ನಿಮಿಷ ಹಿಡಿಯಿತು. ಐದನೆಯ ದಿನ, "ಇವತ್ತೂ ಹೋಗಲೇಬೇಕೇನಮ್ಮಾ?" ಎಂದರು. ಆರನೆಯ ದಿನದಿಂದ ನಾನು ಕೇಳಲಿಲ್ಲ.

ಕೇಳದಿದ್ದರೆ ಉಳಿಯುವ ದಾರಿ, ಗಾಡಿಯನ್ನು ಮಡಚಿ ಹೊರಗೆ ಸಾಗಿಸಿ ಅಲ್ಲಿ ಮತ್ತೆ ಬಿಡಿಸುವುದು. ಹುಲಿ, ಮೇಕೆ, ಹುಲ್ಲಿನ ಹೊರೆಯನ್ನು ಹೊಳೆ ದಾಟಿಸುವ ಒಗಟು ನೆನಪಿರಬಹುದು. ಮಗಳನ್ನು ಮೊದಲು ಹೊರಗೆ ಬಿಟ್ಟರೆ ರಸ್ತೆಗೆ ಓಡುತ್ತಾಳೆ. ಗಾಡಿಯನ್ನು ಮೊದಲು ಸಾಗಿಸೋಣವೆಂದರೆ ಅದು 13 ಕಿಲೋ, ಮಡಚಲು ಎರಡು ಕೈ ಬೇಕು, ಒಂದು ಕೈಯಲ್ಲಿ ಮಗ. ಮಗನನ್ನು ಜಗಲಿಯ ಮೇಲೆ ಚಾಪೆ ಹಾಸಿ ಮಲಗಿಸಿದರೆ ಮಗಳು ಅವನ ಟೋಪಿ ಕಿತ್ತು ತಾನು ಹಾಕಿಕೊಳ್ಳುತ್ತಾಳೆ, ಅವನು ಕಿರುಚುತ್ತಾನೆ. ಒಗಟಿನ ರೈತನಿಗೆ ದೋಣಿಯಾದರೂ ಇತ್ತು. ಎದುರು ಮನೆಯ ಅಜ್ಜಿ ಇದನ್ನೆಲ್ಲ ನೋಡಿ ಒಂದು ದಿನ ಗಂಭೀರವಾಗಿ ಕೇಳಿದರು: "ತಳ್ಳುಗಾಡಿ ಚೆನ್ನಾಗಿದೆ. ಸೊಪ್ಪು ಕಟ್ಟಿಗೆ ಎಷ್ಟಮ್ಮಾ?"

ಗೇಟು ದಾಟಿದರೂ ಸುಖವಿರಲಿಲ್ಲ. ಒಂದು ಕಡೆ 12 ಕಿಲೋ ಮಗಳು, ಇನ್ನೊಂದು ಕಡೆ 5 ಕಿಲೋ ಮಗ, ಹಾಗಾಗಿ ಗಾಡಿ ಸದಾ ಮಗಳ ಕಡೆಗೆ ಎಳೆಯುತ್ತಿತ್ತು. ಸೀಟು ಪೂರ್ತಿ ಚಪ್ಪಟೆಯಾಗುತ್ತಿರಲಿಲ್ಲ. ಆರು ತಿಂಗಳ ಒಳಗಿನ ಕೂಸನ್ನು ಒರಗಿಸಿ ಕೂರಿಸಿದರೆ ಕತ್ತು ಬಾಗಿ ಗಲ್ಲ ಎದೆಗೆ ತಾಗಬಹುದು, ಉಸಿರಿಗೆ ತೊಂದರೆಯಾಗಬಹುದು. ಇದನ್ನು ನಾನು ಕೊಳ್ಳುವ ಮೊದಲೇ ಕೇಳಬೇಕಿತ್ತು. ಗಾಡಿ ಆಟೋದಲ್ಲಿ ಹಿಡಿಯುತ್ತಲೂ ಇರಲಿಲ್ಲ.

ಆಮೇಲೆ ದೊಡ್ಡಮ್ಮನ ಮಗಳು ಹಿಂದೆಮುಂದೆ ಸೀಟಿರುವ ತನ್ನ ಸ್ಟ್ರೋಲರನ್ನು ಹದಿನೈದು ದಿನಕ್ಕೆ ಕೊಟ್ಟಳು. ಅದು ಗೇಟಿನಲ್ಲಿ ಸಲೀಸಾಗಿ ನುಸುಳಿದಾಗ ಕೈ ಮುಗಿಯಬೇಕೆನ್ನಿಸಿತು. ಹಿಂದಿನ ಸೀಟು ಚಪ್ಪಟೆಯಾಗುತ್ತದೆ, ಮಗ ಹಾಯಾಗಿ ಮಲಗಿದ. ಆದರೆ ಮುಂದೆ ಕುಳಿತ ಮಗಳಿಗೆ ನಿದ್ದೆ ಬಂದರೆ ಅವಳ ಸೀಟನ್ನು ಒರಗಿಸುವಂತಿಲ್ಲ, ಒರಗಿಸಿದರೆ ತಮ್ಮನ ಕಾಲಿನ ಮೇಲೆ ಬರುತ್ತದೆ. ಕುಳಿತೇ ತೂಗುವ ಅವಳ ಕತ್ತನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಮನೆ ಸೇರಿದ್ದೇನೆ. ಇನ್ನೊಂದು ತೊಡಕು ಮೋರಿಯ ಚಪ್ಪಡಿ. ಮುಂದಿನ ಗಾಲಿ ಎತ್ತಬೇಕಾದರೆ ಹಿಡಿಯನ್ನು ಕೆಳಕ್ಕೆ ಒತ್ತಬೇಕು. ಭಾರವೆಲ್ಲ ಮುಂದೆಯೇ ಇರುವುದರಿಂದ ನನ್ನ ತೂಕ ಸಾಲುತ್ತಿರಲಿಲ್ಲ. ಹೊಸದರ ಬೆಲೆ ಕೇಳಿ ಸುಮ್ಮನಾದೆ.

ಒಂಟಿ ಸ್ಟ್ರೋಲರಿನ ಹಿಂದೆ ದೊಡ್ಡ ಮಗು ನಿಲ್ಲುವ ಹಲಗೆಯನ್ನೂ ಒಮ್ಮೆ ಸಿಕ್ಕಿಸಿ ನೋಡಿದೆ: ನಾಯಿ ಕಂಡಾಗಲೆಲ್ಲ ಮಗಳು ಹಾರಿದಳು, ಹಲಗೆ ನನ್ನ ಮೊಣಕಾಲಿಗೆ ಬಡಿಯಿತು.

ಇನ್ನು ನಾನು ಈಗ ಬಳಸುವ ಒಂಟಿ ಸ್ಟ್ರೋಲರ್ ಮತ್ತು ಕ್ಯಾರಿಯರ್ ವಿಷಯ. ಸ್ಟ್ರೋಲರ್ 4,200 ರೂಪಾಯಿ, ತೂಕ ಆರೂವರೆ ಕಿಲೋ, ಪೂರ್ತಿ ಚಪ್ಪಟೆಯಾಗುತ್ತದೆ. ಕ್ಯಾರಿಯರ್ 1,400. ಮಗ ಎದೆಯ ಮೇಲೆ, ಮಗಳು ಗಾಡಿಯಲ್ಲಿ. ಮಗಳು ಇಳಿದು ನಡೆಯುತ್ತೇನೆಂದರೆ ಮಗ ಗಾಡಿಗೆ ಇಳಿಯುತ್ತಾನೆ. ಎರಡು ಸೀಟಿಗೆ ದುಡ್ಡು ಕೊಟ್ಟಿದ್ದಾಗ ಹೊಳೆಯದ ಸಂಗತಿ ಇದು: ಎರಡು ವರ್ಷ ದಾಟಿದ ಮಗು ಅರ್ಧ ಹೊತ್ತು ಸೀಟಿನಲ್ಲಿ ಇರುವುದೇ ಇಲ್ಲ. ಬೇಲೂರು ಬಸ್ಸಿನಲ್ಲಿ ಮಡಚಿದ ಗಾಡಿ ಕಾಲ ಬಳಿ ನಿಲ್ಲುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನನಗೆ ಟಿಕೆಟ್ ಖರ್ಚಿಲ್ಲ, ಹಾಗಾಗಿ ಬಸ್ಸಿಗೆ ಹತ್ತದ ಗಾಡಿ ನನ್ನ ಲೆಕ್ಕದಲ್ಲಿ ಗಾಡಿಯೇ ಅಲ್ಲ.

ಕ್ಯಾರಿಯರ್ ಕಟ್ಟಲು ಕಲಿಯಬೇಕು. ಮೊದಲ ವಾರ ಹೆಗಲು ನೋವಿನಿಂದ ಅತ್ತಿದ್ದೇನೆ. ಸೊಂಟದ ಪಟ್ಟಿಯನ್ನು ಬಿಗಿಯಾಗಿ ಕಟ್ಟಿದರೆ ಭಾರ ಸೊಂಟಕ್ಕೆ ಇಳಿಯುತ್ತದೆ ಎಂದು ಆಮೇಲೆ ತಿಳಿಯಿತು. ಕೂಸಿನ ಮುಖ ಸದಾ ಕಾಣುತ್ತಿರಬೇಕು, ಗಲ್ಲ ಎದೆಗೆ ಒತ್ತಬಾರದು, ಮೊಣಕಾಲು ಕುಂಡೆಗಿಂತ ಸ್ವಲ್ಪ ಮೇಲಿರಬೇಕು. ಸಿಸೇರಿಯನ್ ಆದವರು ವೈದ್ಯರನ್ನು ಕೇಳಿಯೇ ಶುರುಮಾಡಿ. ಬೇಸಿಗೆಯ ಮಧ್ಯಾಹ್ನ ತಾಯಿ ಮಗು ಇಬ್ಬರೂ ಬೆವರುತ್ತಾರೆ, ಅದಕ್ಕೆ ಮದ್ದಿಲ್ಲ. ಬಸ್ಸಿನಲ್ಲಿ ಯಾರಾದರೊಬ್ಬರು "ಮಗುವಿಗೆ ಉಸಿರು ಕಟ್ಟುವುದಿಲ್ಲವೇ?" ಎಂದು ಕೇಳಿಯೇ ಕೇಳುತ್ತಾರೆ, ಅದಕ್ಕೂ ಇಲ್ಲ.

ಹಗುರವಾದ ಗಾಡಿಗೆ ಒಂದು ದುರ್ಗುಣವಿದೆ. ಹಿಡಿಗೆ ಎರಡು ಕಿಲೋ ಆಲೂಗಡ್ಡೆಯ ಚೀಲ ತೂಗುಹಾಕಿದ್ದೆ, ಮಗಳು ಇಳಿದದ್ದೇ ತಡ ಗಾಡಿ ಹಿಂದಕ್ಕೆ ಮಗುಚಿತು. ಆಲೂಗಡ್ಡೆಗೆ ಹೆಸರಾದ ಊರಿನಲ್ಲಿ ಆಲೂಗಡ್ಡೆ ಮೋರಿಗೆ ಉರುಳುವುದನ್ನು ನಾಲ್ಕು ಜನ ನಿಂತು ನೋಡಿದರು. ಈಗ ಚೀಲ ಸೀಟಿನ ಕೆಳಗಿನ ಬುಟ್ಟಿಗೆ ಹೋಗುತ್ತದೆ.

ನಿಮ್ಮವು ಅವಳಿ ಮಕ್ಕಳಾಗಿದ್ದರೆ, ಗೇಟು ಅಗಲವಿದ್ದರೆ, ಬಸ್ಸು ಆಟೋ ಹತ್ತುವ ಕೆಲಸವಿಲ್ಲದಿದ್ದರೆ ಜೋಡಿ ಸ್ಟ್ರೋಲರನ್ನೇ ಕೊಳ್ಳಿ, ನಾನು ಬೇಡವೆನ್ನುವುದಿಲ್ಲ. ನನ್ನದನ್ನು ಕಳೆದ ತಿಂಗಳು ಚನ್ನರಾಯಪಟ್ಟಣದ ಕಡೆಯ ಒಬ್ಬ ರೈತರು ಅವಳಿ ಮೊಮ್ಮಕ್ಕಳಿಗೆಂದು 4,500 ರೂಪಾಯಿಗೆ ಕೊಂಡರು. ದುಡ್ಡು ಎಣಿಸುವ ಮೊದಲು ನಾನೇ ಗೇಟಿನ ಅಗಲ ಕೇಳಿದೆ. ಅವರು ನನ್ನ ಮುಖವನ್ನೇ ಒಂದು ಕ್ಷಣ ನೋಡಿ, "ಟ್ರ್ಯಾಕ್ಟರ್ ಬರುತ್ತದಮ್ಮಾ" ಎಂದರು.